ಗಂಗವ್ವನ ಪೆನ್ನು, ನನ್ನ ಕಣ್ಣು

ಮಷಿನ್ನಿನ ಪರದೆಯ ಮೇಲೆ ಮುನ್ನೂರ ಹನ್ನೆರಡು ಎಂದು ಬಂದಾಗ ನಾನು ಸವದತ್ತಿಯ ಒಂದು ಸಮುದಾಯ ಭವನದಲ್ಲಿ ಹದಿನಾಲ್ಕು ಜನರ ಮುಂದೆ ನಿಂತಿದ್ದೆ. ಕೆಲವರಿಗೆ ಕಣ್ಣಿಲ್ಲ, ಕೆಲವರಿಗೆ ಒಂದು ಕೈ ಇಲ್ಲ, ಕೆಲವರಿಗೆ ಕಿವಿ ಕೇಳುವುದಿಲ್ಲ. ಎಲ್ಲರಿಗೂ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುವುದನ್ನು ಅವರಿಗೆ ಕಲಿಸುವುದು ನನ್ನ ಕೆಲಸ. ಪ್ರತಿ ಸಲ ಯಾರಾದರೊಬ್ಬರು ತಾವಾಗಿ ಬೆರಳು ಕೊಡುತ್ತಿದ್ದರು. ಅಂದು ಯಾರೂ ಕೊಡಲಿಲ್ಲ. ಹೆದರಿಕೆ ಬಿಡಿಸಲು ನನ್ನ ಬೆರಳನ್ನೇ ಚುಚ್ಚಿಕೊಂಡೆ.

"ಎಷ್ಟ ಬಂತ್ರಿ ಅಕ್ಕಾರ?" ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಕೇಳಿದರು.

"ಸೆಲ್ ಮುಗದಾವ ಕಾಣತೈತಿ. ಏನೇನರ ತೋರಸಾಕತ್ತೈತಿ," ಎಂದೆ. ಆ ಮಷಿನ್ನನ್ನು ಚೀಲಕ್ಕೆ ಹಾಕಿ ಇನ್ನೊಂದನ್ನು ತೆಗೆದೆ. ಎಲ್ಲರೂ ನಂಬಿದರು. ಸೆಲ್ ಹಾಕಿ ಎರಡು ದಿನವೂ ಆಗಿರಲಿಲ್ಲ.

ನನಗೆ ಈ ಕಾಯಿಲೆ ಇದೆ ಎಂದು ಗೊತ್ತಾದದ್ದು ಹೀಗೆ. ಗೊತ್ತಾದ ಆ ಕ್ಷಣದಲ್ಲೇ ನಾನು ಸುಳ್ಳು ಹೇಳಿದ್ದೆ.

ನಾನು ಬೈಲಹೊಂಗಲದವಳು. ವಯಸ್ಸು ನಲವತ್ತೆರಡು. ಮಗುವಿದ್ದಾಗ ಪೋಲಿಯೋ ಆಗಿ ಬಲಗಾಲು ಸಣ್ಣದಾಗಿದೆ, ನಡೆದರೆ ಎಳೆಯುತ್ತದೆ. ಅಂಗವಿಕಲರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗುತ್ತೇನೆ. ಔಷಧಿಗೆ, ಇಂಜೆಕ್ಷನ್ನಿಗೆ ಬೇರೆಯವರ ದಾರಿ ಕಾಯದೆ, ತಮ್ಮದನ್ನು ತಾವೇ ನೋಡಿಕೊಳ್ಳುವ ಹಾಗೆ ಜನರನ್ನು ತಯಾರು ಮಾಡುತ್ತೇನೆ. ಹಾಗಿದ್ದೂ ನನ್ನದನ್ನು ಮುಚ್ಚಿಟ್ಟೆ.

ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ಮದುವೆ ಮಾತುಕತೆಯಲ್ಲಿ ನನ್ನ ಅತ್ತೆ ಎಲ್ಲರ ಎದುರಿಗೆ, "ಕಾಲಿಂದು ಒಂದು ಕೊರತಿ ಐತಿ, ಅದನ್ನ ನೋಡಿಽ ಒಪ್ಪೇವಿ, ಮತ್ತೇನೂ ಇಲ್ಲಲ್ಲಾ?" ಎಂದು ಕೇಳಿದ್ದರು. ನಮ್ಮ ಅಪ್ಪ, "ಇಲ್ರಿ, ಮತ್ತೇನಿಲ್ಲ," ಎಂದಿದ್ದರು. ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನವನ್ನು ಅವರೇ ಮಾಡಿದರು. ಆದರೂ ಅಪ್ಪನ ಆ ಉತ್ತರ ನನ್ನ ಮೇಲೆ ಕುಳಿತುಬಿಟ್ಟಿತ್ತು. ನನ್ನ ಮೈಯಲ್ಲಿ ಎರಡನೆಯ ಕೊರತೆಗೆ ಜಾಗವಿಲ್ಲ ಎಂದೇ ನಾನು ತಿಳಿದಿದ್ದೆ.

ಬೈಲಹೊಂಗಲದ ಔಷಧಿ ಅಂಗಡಿಯವರೆಲ್ಲ ನನಗೆ ಪರಿಚಯ. ಅದಕ್ಕೇ ಕಿತ್ತೂರಿಗೆ ಹೋದಾಗ ಅಲ್ಲಿಯ ಒಬ್ಬ ಡಾಕ್ಟರನ್ನು ಕಂಡೆ. ಅವರು ಗುಳಿಗೆ ಬರೆದುಕೊಟ್ಟು, ತಿಂಗಳು ಬಿಟ್ಟು ಬರಬೇಕು ಎಂದರು. ಮತ್ತೆ ಹೋಗಲಿಲ್ಲ. ಅದೇ ಚೀಟಿ ತೋರಿಸಿ ಗುಳಿಗೆ ಕೊಳ್ಳುತ್ತಿದ್ದೆ. ತರಬೇತಿಗೆ ಒಯ್ಯುವ ಡಬ್ಬಿಯಲ್ಲಿ ಸಿರಿಂಜು, ಹತ್ತಿ, ಖಾಲಿ ಪೆನ್ನುಗಳ ನಡುವೆ ಅವನ್ನು ಇಡುತ್ತಿದ್ದೆ. ಅಲ್ಲಿದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ನೆನಪಾದ ದಿನ ನುಂಗುತ್ತಿದ್ದೆ. ನನ್ನ ಗಂಡ ಬಸವರಾಜ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಮುಂಜಾನೆಯ ಚಹಾ ಮಾಡುವುದು ಮಾತ್ರ ಅವರದೇ. ಎರಡು ಚಮಚ ಸಕ್ಕರೆ ಹಾಕಿ ತಂದು ಕೊಡುತ್ತಿದ್ದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಸುಮ್ಮನೆ ಕುಡಿಯುತ್ತಿದ್ದೆ.

ಹೀಗೆ ಒಂದು ವರ್ಷ ದಾಟಿತು.

ಎರಡನೆಯ ವರ್ಷದಲ್ಲೇ ನಾನು ಹೂಲಿಯ ಗಂಗವ್ವನಿಗೆ ಇನ್ಸುಲಿನ್ ಪೆನ್ನು ಕಲಿಸಿದ್ದು. ಗಂಗವ್ವನಿಗೆ ಅರವತ್ತರ ಹತ್ತಿರ ವಯಸ್ಸು. ಏಳು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಶೇಂಗಾ ಸುಲಿಯಲು ಕುಳಿತರೆ ಕಣ್ಣಿದ್ದವರಿಗಿಂತ ಬೇಗ ಬುಟ್ಟಿ ತುಂಬಿಸುತ್ತಿದ್ದಳು. ಕೆಟ್ಟ ಕಾಳನ್ನು ಬೆರಳಿನಿಂದಲೇ ಗುರುತು ಹಿಡಿದು ಆಚೆ ಎಸೆಯುತ್ತಿದ್ದಳು. ಡಾಕ್ಟರು ಆಕೆಗೆ ಎರಡು ನಮೂನೆಯ ಇನ್ಸುಲಿನ್ ಬರೆದಿದ್ದರು. ದಿನವಿಡೀ ನಿಧಾನವಾಗಿ ಕೆಲಸ ಮಾಡುವುದನ್ನು ಮುಂಜಾನೆ ಒಮ್ಮೆ ಹದಿನೆಂಟು ಯೂನಿಟ್. ಕೂಡಲೇ ಕೆಲಸ ಮಾಡುವುದನ್ನು ಊಟಕ್ಕೆ ಮುಂಚೆ ಆರಾರು. ಪೆನ್ನುಗಳು ಎರಡೂ ಒಂದೇ ಆಕಾರ, ಒಂದೇ ತೂಕ. ಹದಿನೆಂಟರ ಪೆನ್ನಿಗೆ ನಾನು ಒಂದು ರಬ್ಬರ್‌ಬ್ಯಾಂಡ್ ಸುತ್ತಿದೆ. ತಳದ ಗುಂಡಿ ತಿರುಗಿಸಿದರೆ ಒಂದೊಂದಕ್ಕೂ ಟಿಕ್ ಎನ್ನುತ್ತದೆ. ಆ ಸಪ್ಪಳವನ್ನು ಎಣಿಸುವುದು ಕಲಿಸಿದೆ. ಮೈ ಬೆವರಿ ಕೈ ನಡುಗಿದರೆ ಕೂಡಲೇ ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು ಎಂದೂ ಹೇಳಿಕೊಟ್ಟೆ. ಆಕೆ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಬೆಲ್ಲದ ಚೂರು ಇಟ್ಟುಕೊಳ್ಳತೊಡಗಿದಳು.

ಎರಡು ವಾರದಲ್ಲಿ ಕಲಿತಳು. ಮೂರನೆಯ ತಿಂಗಳು ಪೆನ್ನುಗಳನ್ನು ಚೀಲದಲ್ಲಿ ಹಾಕಿಕೊಂಡು ಸಂಗೊಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಎಂಟು ದಿನ ಇದ್ದು ಬಂದಳು. ಇಂಜೆಕ್ಷನ್ ಶುರುವಾದ ಮೇಲೆ ಆಕೆ ಬೇರೆ ಊರಿನಲ್ಲಿ ಉಳಿದದ್ದು ಅದೇ ಮೊದಲು. "ಅಕ್ಕಾರ, ಎಂಟ ದಿನಾ ನನ್ನ ತಂಗಿ ಮನ್ಯಾಗ ಯಾರಿಗೂ ತ್ರಾಸ ಕೊಡಲಿಲ್ಲ ನೋಡ್ರಿ ನಾ," ಎಂದು ನನ್ನ ಕೈ ಹಿಡಿದು ಹೇಳಿದಳು. ನಾನು ಆ ಮಾತನ್ನು ನಮ್ಮ ಕಚೇರಿಯ ಸಭೆಯಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡೆ.

ಆ ಹೊತ್ತಿಗೆ ನನ್ನ ಕಣ್ಣು ಮಂಜಾಗತೊಡಗಿದ್ದವು. ಒಂದು ದಿನ ಬಸ್ಸಿನ ಬೋರ್ಡು ಸರಿಯಾಗಿ ಕಾಣುತ್ತಿತ್ತು, ಮರುದಿನ ಕಾಣುತ್ತಿರಲಿಲ್ಲ. ಸಕ್ಕರೆ ಏರಿದಾಗ ಹಾಗಾಗುತ್ತದೆ ಎಂದು ಎಷ್ಟು ಜನಕ್ಕೆ ನಾನೇ ಹೇಳಿದ್ದೆನೋ. ನನ್ನ ಪಾಲಿಗೆ ಮಾತ್ರ ವಯಸ್ಸಾಯಿತು, ಚಾಳೀಸು ಬಂದಿದೆ ಎಂದುಕೊಂಡೆ.

ಪೆನ್ನಿನೊಳಗಿನ ಔಷಧಿ ಮುಗಿದಾಗ ಔಷಧಿ ತುಂಬಿದ ಹೊಸ ಕೊಳವೆ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಒಂದು ದಿನ ಹೂಲಿಯಲ್ಲಿ ಗಂಗವ್ವನ ಪಡಸಾಲೆಯಲ್ಲಿ ಕುಳಿತು ಎರಡೂ ಪೆನ್ನಿಗೆ ಹೊಸ ಕೊಳವೆ ಹಾಕಿದೆ. ಹಳೆಯ ರಬ್ಬರು ಸಡಿಲವಾಗಿತ್ತು. ಅದನ್ನು ಮೊದಲೇ ಕಿತ್ತಿದ್ದೆ; ಹೊಸದನ್ನು ಯಾವ ಪೆನ್ನಿಗೆ ಸುತ್ತಬೇಕೆಂದು ಈಗ ಕೊಳವೆ ಓದಬೇಕಾಗಿತ್ತು. ಕೊಳವೆಯ ಮೇಲಿನ ಅಕ್ಷರ ಇರುವೆ ಸಾಲಿನ ಹಾಗೆ ಹರಿದಾಡುತ್ತಿತ್ತು. ಸೊಸೆ ಶಿವಲೀಲಾ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. "ಶಿವಲೀಲಾ, ಇದನ್ನೊಮ್ಮೆ ಓದವಾ," ಎನ್ನಬಹುದಿತ್ತು. ಅಂದರೆ ನನಗೆ ಕಾಣುವುದಿಲ್ಲ ಎಂದು ಗೊತ್ತಾಗುತ್ತದೆ. ಅಂದಾಜಿನ ಮೇಲೆ ಸುತ್ತಿ ಕೊಟ್ಟೆ.

ಮರುದಿನ ಹನ್ನೊಂದರ ಸುಮಾರಿಗೆ ಆಕೆಯ ಮಗ ಈರಣ್ಣನ ಫೋನು ಬಂತು. "ಅಕ್ಕಾರ, ಅವ್ವ ಬಿದ್ದಾಳ್ರಿ. ಮೈಯೆಲ್ಲಾ ನೀರಾಗೈತಿ. ಸವದತ್ತಿಗೆ ಒಯ್ಯಾಕತ್ತೇವಿ."

ಗಂಗವ್ವ ಬದುಕಿದಳು. ನಡುಕ ಶುರುವಾದ ಕೂಡಲೇ ಸಂಚಿಯಲ್ಲಿದ್ದ ಬೆಲ್ಲವನ್ನೆಲ್ಲ ಬಾಯಿಗೆ ಹಾಕಿಕೊಂಡು, ಸೊಸೆಯ ಹೆಸರು ಹಿಡಿದು ಕೂಗಿ, ಆಮೇಲೆ ಬಿದ್ದಿದ್ದಳು. ಶಿವಲೀಲಾ ಓಡಿ ಬಂದು, ಎಚ್ಚರವಿದ್ದಷ್ಟು ಹೊತ್ತು ಸಕ್ಕರೆ ನೀರು ಕುಡಿಸಿದ್ದಳು. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿ ಸಂಜೆಯವರೆಗೆ ಇಟ್ಟುಕೊಂಡು ಕಳಿಸಿದರು.

ಮರುದಿನ ಹೂಲಿಗೆ ಹೋದೆ. ಗಂಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ಒಂದೇ ದಿನದಲ್ಲಿ ಮುಖ ಇಳಿದುಹೋಗಿತ್ತು. ಪೆನ್ನುಗಳು ಕಿಟಕಿಯಲ್ಲಿದ್ದವು. ಅವನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ, ಕೈ ದೂರ ಚಾಚಿ, ಕಣ್ಣು ಕಿರಿದು ಮಾಡಿ ಓದಿದೆ. ರಬ್ಬರು ತಪ್ಪು ಪೆನ್ನಿಗೆ ಇತ್ತು. ಕೂಡಲೇ ಕೆಲಸ ಮಾಡುವ ಔಷಧಿಯನ್ನೇ ಗಂಗವ್ವ ನಂಬಿಕೆಯಿಂದ ಹದಿನೆಂಟು ಟಿಕ್ ಎಣಿಸಿ ಚುಚ್ಚಿಕೊಂಡಿದ್ದಳು.

ನನ್ನ ಬೆನ್ನು ಒಳಗಿನವರ ಕಡೆಗಿತ್ತು. ನಾನು ರಬ್ಬರನ್ನು ಬಿಚ್ಚಿ ಸರಿಯಾದ ಪೆನ್ನಿಗೆ ಹಾಕಿಬಿಟ್ಟೆ. ನಾಲ್ಕು ಸೆಕೆಂಡಿನ ಕೆಲಸ.

ಒಳಗೆ ಈರಣ್ಣ, "ಅವ್ವಗ ತಿಳೀಲಿಲ್ರಿ ಅಕ್ಕಾರ. ಇದರ ಬದ್ಲಿ ಅದನ್ನ ಹಿಡದಾಳ," ಎಂದ.

"ನಾ ರಬ್ಬರ ಇದ್ದದ್ದಽ ಹಿಡದೀನಿ," ಎಂದಳು ಗಂಗವ್ವ. "ಹದಿನೆಂಟಕ್ಕ ರಬ್ಬರ. ನನಗ ಅಷ್ಟೂ ತಿಳಿಯಂಗಿಲ್ಲೇನೊ? ಅಕ್ಕಾರ, ನೀವರ ಹೇಳ್ರಿ ಇವಗ."

ಎಲ್ಲರೂ ನನ್ನ ಕಡೆ ನೋಡಿದರು. ಗಂಗವ್ವನ ಮುಖವೂ ನನ್ನ ದನಿ ಬರಬೇಕಾದ ದಿಕ್ಕಿಗೆ ತಿರುಗಿತ್ತು.

"ಒಮ್ಮೊಮ್ಮೆ ಹಂಗ ಆಗತೈತ್ರಿ, ಗಂಗವ್ವಾರ," ಎಂದೆ.

ಆಕೆ ತನ್ನ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿಕೊಂಡಳು, ಅವು ಸರಿಯಾಗಿವೆಯೋ ಇಲ್ಲವೋ ಎನ್ನುವ ಹಾಗೆ.

ನಾನು ಕಳೆದುಕೊಂಡ ನಿದ್ದೆ, ಪಟ್ಟ ಸಂಕಟ ಬರೆಯುವುದಿಲ್ಲ. ಕಳೆದುಕೊಂಡವಳು ಗಂಗವ್ವ. ಅಂದೇ ಈರಣ್ಣ ಪೆನ್ನುಗಳನ್ನು ಟ್ರೆಝರಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಇನ್ನು ಇಂಜೆಕ್ಷನ್ ಕೊಡುವುದು ಶಿವಲೀಲಾಳ ಕೆಲಸ. ಶಿವಲೀಲಾ ಹೊಲಕ್ಕೆ ಹೋದರೆ ಬರುವುದು ಎರಡಕ್ಕೋ ಮೂರಕ್ಕೋ. ಅಲ್ಲಿಯವರೆಗೆ ಗಂಗವ್ವ ಹಸಿದು ಕುಳಿತಿರಬೇಕು. ಸಂಗೊಳ್ಳಿಯ ತಂಗಿಗೆ ಮೊಮ್ಮಗು ಹುಟ್ಟಿತು, ಗಂಗವ್ವ ಹೋಗಲಿಲ್ಲ. ನಾನು ಎರಡು ಸಲ ಹೋದಾಗಲೂ ಆಕೆ ಶೇಂಗಾ ಬುಟ್ಟಿಯ ಮುಂದೆ ಕುಳಿತಿದ್ದಳು. ಸುಲಿದ ಕಾಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ತನ್ನ ಬೆರಳಿನ ಮೇಲೆ ಆಕೆಗಿದ್ದ ನಂಬಿಕೆಯನ್ನು ನಾನು ಮುರಿದಿದ್ದೆ.

ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಒಳ್ಳೆಯತನದಿಂದ ಅಲ್ಲ, ನನ್ನ ಕಾಲಿನಿಂದ.

ಕಿತ್ತೂರಿನಲ್ಲಿ ಒಂದು ತರಬೇತಿ ಮುಗಿಸಿ ಚಪ್ಪಲಿ ಬಿಟ್ಟು ಒಬ್ಬರ ಮನೆಯೊಳಗೆ ಹೋದೆ. ಅವರ ಮಗಳು, "ಅಕ್ಕಾರ, ರಕ್ತ!" ಎಂದು ಕೂಗಿದಳು. ತಿರುಗಿ ನೋಡಿದರೆ ನೆಲದ ಮೇಲೆ ನನ್ನ ಎಡಗಾಲಿನ ಕೆಂಪು ಗುರುತುಗಳು. ಅದು ನನ್ನ ಒಳ್ಳೆಯ ಕಾಲು, ಇಡೀ ಮೈ ಹೊರುವ ಕಾಲು. ಚಪ್ಪಲಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡು ಮುಂಜಾನೆಯಿಂದ ಅಂಗಾಲನ್ನು ಕೊರೆದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ದಿನಾ ಅಂಗಾಲು ನೋಡಿಕೊಳ್ಳಿ, ಕಾಣದಿದ್ದರೆ ಮುಟ್ಟಿ ನೋಡಿ ಎಂದು ಅರ್ಧ ಗಂಟೆ ಮೊದಲು ಹೇಳಿ ಬಂದಿದ್ದೆ.

ವಾರದಲ್ಲಿ ಗಾಯ ಕೀವಾಯಿತು. ಬಸವರಾಜ ನನ್ನನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಗಲೂ ಅವರಿಗೆ ಕಲ್ಲಿನ ಗಾಯ ಎಂದಷ್ಟೇ ಗೊತ್ತು. ಪರೀಕ್ಷೆಗೆ ರಕ್ತ ಕೊಟ್ಟು ಬಂದು ಉದ್ದನೆಯ ಬೆಂಚಿನ ಮೇಲೆ ಕುಳಿತಿದ್ದೆವು. ನಾನೇ ಕಲಿಸಿದ ಕಿತ್ತೂರಿನ ಒಬ್ಬರು, ಒಂದು ಕೈ ಇಲ್ಲದವರು, ಮೊಣಕಾಲುಗಳ ನಡುವೆ ಪೆನ್ನು ಹಿಡಿದು ಚುಚ್ಚಿಕೊಳ್ಳುವವರು, ಎದುರಿಗೆ ಬಂದು ನಿಂತರು. ಮುಖ ಅರಳಿತು.

"ನಮಸ್ಕಾರ್ರಿ ಅಕ್ಕಾರ! ಇವತ್ತ ಯಾರನ್ನ ಕರಕೊಂಡ ಬಂದೀರಿ?"

"ಒಬ್ಬರ ಇದಾರ್ರಿ, ಒಳಗ ಹೋಗ್ಯಾರ," ಎಂದೆ.

ಪಕ್ಕದಲ್ಲಿ ಬಸವರಾಜ ನನ್ನ ಮುಖ ನೋಡಿದರು. ಅವರು ಏನಾದರೂ ಕೇಳುವ ಮೊದಲೇ ನರ್ಸು ಬಾಗಿಲಲ್ಲಿ ನಿಂತು ನನ್ನ ಪೂರ್ತಿ ಹೆಸರು ಕರೆದು, "ಶುಗರ್ ಪೇಶಂಟ್, ಕಾಲಿನ ಗಾಯದವರು ಬರ್ರಿ," ಎಂದರು.

ಕಿತ್ತೂರಿನವರು ತಲೆ ತಗ್ಗಿಸಿದರು. ಆಮೇಲೆ ಏನೂ ಕೇಳದೆ ತಮ್ಮ ಒಂದೇ ಕೈಯನ್ನು ನನ್ನ ಮುಂದೆ ಚಾಚಿದರು, ಹಿಡಿದುಕೊಂಡು ಏಳಲು. ಆ ಕೈ ಹಿಡಿದು ಎದ್ದೆ. ಆ ದಿನ ನನಗೆ ಸಿಕ್ಕ ದಯೆ ಅದೊಂದೇ, ಅದಕ್ಕೂ ನಾನು ಅರ್ಹಳಾಗಿರಲಿಲ್ಲ.

ಡಾಕ್ಟರು, "ಎಷ್ಟು ದಿನದಿಂದ ಗೊತ್ತು?" ಎಂದು ಕೇಳಿದರು. ಬಸವರಾಜ, "ಇವತ್ತಽ ಗೊತ್ತಾತ್ರಿ," ಎಂದರು. ನಾನು, "ಎರಡ ವರ್ಷಾತ್ರಿ," ಎಂದೆ. ಬಸವರಾಜ ನನ್ನ ಕಡೆ ತಿರುಗಿದ್ದು ಕಂಡಿತು. ಮುಖ ನೋಡುವ ಧೈರ್ಯ ಆಗಲಿಲ್ಲ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಗಾಯ ಕೆರೆದು ಸ್ವಚ್ಛ ಮಾಡಿದರು. ಕಾಲು ಉಳಿಯಿತು. ಮೊದಲ ಇನ್ಸುಲಿನ್ ಕೊಡಲು ಬಂದ ಎಳೆಯ ನರ್ಸು, "ಹೆದರಬ್ಯಾಡ್ರಿ, ನಾ ಕಲಿಸಿಕೊಡತೇನಿ," ಎಂದಳು. ನನಗೆ ಬರುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಅವಳ ಕಣ್ಣ ಮುಂದೆಯೇ ಚುಚ್ಚಿಕೊಂಡೆ.

ಬಸವರಾಜ ಎರಡು ದಿನ ಮಾತಾಡಲಿಲ್ಲ. ಊಟ ತಂದು ಕೊಡುತ್ತಿದ್ದರು, ಬಟ್ಟೆ ಒಗೆದು ತರುತ್ತಿದ್ದರು. ಮೂರನೆಯ ದಿನ ಸಕ್ಕರೆ ಇಲ್ಲದ ಚಹಾ ಹಿಡಿದುಕೊಂಡು ಬಂದು ಮಂಚದ ಬದಿಗೆ ಕುಳಿತರು.

"ದಿನಾ ಮುಂಜಾನೆ ನನ್ನ ಕೈಲೆ ಎರಡ ಚಮಚಾ ಹಾಕಿ ಕುಡಿಸೀನಿ. ಎರಡ ವರ್ಷ. ನೀ ಕುಡದಿ. ನಾ ಯಾರು ಅಂತ ತಿಳದಿದ್ದಿ ನೀ?"

"ನಿಮಗ ಗೊತ್ತಾದ್ರ…"

"ಏನಾಕ್ಕಿತ್ತು ಗೊತ್ತಾದ್ರ? ಸಕ್ರಿ ಹಾಕತಿದ್ದಿಲ್ಲ. ಅಷ್ಟಽ ಆಕ್ಕಿತ್ತು."

ಎರಡು ವರ್ಷ ನಾನು ಹೆದರಿದ್ದಕ್ಕೆ ಅವರ ಉತ್ತರ ಇಷ್ಟೇ. ಆಗ ಅಳು ಬಂತು. ಅಳುತ್ತಲೇ ಗಂಗವ್ವನ ವಿಷಯ ಹೇಳಿದೆ. ರಬ್ಬರು ಬದಲಿಸಿದ್ದನ್ನೂ ಹೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಕಾಲು ಊರಾಕ ಬಂದ ಮೊದಲನೇ ದಿನ ಹೂಲಿಗೆ ಹೋಗೂಣು," ಎಂದರು.

ಹೋದೆವು. ಅದಕ್ಕೆ ಮುಂಚೆ ಸಂಸ್ಥೆಯ ಮೇಲ್ವಿಚಾರಕಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೆ. ಅವರು ನನ್ನನ್ನು ಊರೂರಿನ ಕೆಲಸದಿಂದ ತೆಗೆದು ಕಚೇರಿಯಲ್ಲಿ ಕೂರಿಸಿದರು, ಮುಂದಿನದನ್ನು ಆಮೇಲೆ ನೋಡೋಣ ಎಂದರು.

ಹೂಲಿಯಲ್ಲಿ ಮೂವರೂ ಮನೆಯಲ್ಲಿದ್ದರು. ಬಸವರಾಜ ಹೊರಗೆ ಕಟ್ಟೆಯ ಮೇಲೆ ಕುಳಿತರು. ನಾನು ಕಾಲಿನ ಪಟ್ಟಿಯೊಂದಿಗೆ ಗಂಗವ್ವನ ಎದುರು ನೆಲದ ಮೇಲೆ ಕುಳಿತು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ನನಗೂ ಕಾಯಿಲೆ ಇದೆ, ಕಣ್ಣು ಕಾಣುತ್ತಿರಲಿಲ್ಲ, ರಬ್ಬರು ತಪ್ಪು ಸುತ್ತಿದವಳು ನಾನು, ಮರುದಿನ ಬಾಗಿಲಲ್ಲಿ ನಿಂತು ಬದಲಿಸಿದವಳೂ ನಾನು.

ಈರಣ್ಣ ಎದ್ದು ನಿಂತ. "ಅವ್ವ ಸತ್ತಿದ್ರ?" ಎಂದ. ಶಿವಲೀಲಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಗಂಗವ್ವ ಮಗನಿಗೆ ಕೈ ಸನ್ನೆಯಿಂದ ಸುಮ್ಮನಿರಲು ಹೇಳಿದಳು. "ತಪ್ಪ ಸುತ್ತಿದ್ದು ಇರಲಿ ಅಕ್ಕಾರ. ಕಣ್ಣ ಕಾಣಲಿಲ್ಲಂದ್ರ ತಪ್ಪ ಆಗತೈತಿ, ಅದ ನನಗ ಗೊತ್ತಿಲ್ಲೇನ? ಆದ್ರ ನಾ ನಿಮ್ಮನ್ನ ಕೇಳಿದೆ. ನೀವರ ಹೇಳ್ರಿ ಅಂತ ಕೇಳಿದೆ. ಎರಡ ತಿಂಗಳಾತು, ನನ್ನ ಕೈಗೆ ಹುಚ್ಚ ಹಿಡದೈತಿ ಅಂತ ತಿಳಕೊಂಡ ಕುಂತೀನಿ ನಾ. ಚಾ ಕುಡಿಯೂ ವಾಟಗಾ ಹಿಡಿಬೇಕಾದ್ರೂ ಎರಡ ಸಲ ಮುಟ್ಟಿ ನೋಡತೀನಿ."

ನಾನು ಕೈ ಮುಗಿದೆ. ಆಕೆಗೆ ಕಾಣುವುದಿಲ್ಲ ಎಂದು ನೆನಪಾಗಿ, ಮುಟ್ಟಲು ಕೈ ಚಾಚಿದೆ. ಆಕೆ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಈರಣ್ಣ, ಕೀಲಿ ತಗಿ. ಪೆನ್ನ ಕೊಡು."

ಈರಣ್ಣ ತಂದುಕೊಟ್ಟ. ಆಕೆ ರಬ್ಬರನ್ನು ಕಿತ್ತು ಎಸೆದಳು. ಒಂದು ಪೆನ್ನನ್ನು ಮೊದಲು ಮಗನಿಂದ ಓದಿಸಿದಳು, ಆಮೇಲೆ ಸೊಸೆಯಿಂದ, ಆಮೇಲೆ ಹೊರಗಿನಿಂದ ನನ್ನ ಗಂಡನನ್ನು ಕರೆದು ಅವರಿಂದ. ಮೂವರೂ ಹದಿನೆಂಟರ ಔಷಧಿಯ ಹೆಸರನ್ನೇ ಹೇಳಿದ ಮೇಲೆ ಅದಕ್ಕೆ ಒಂದು ದಪ್ಪ ನೂಲು ತೆಗೆದುಕೊಂಡು, ತಾನೇ ಮೂರು ಗಂಟು ಹಾಕಿ ಕಟ್ಟಿದಳು. ನನ್ನಿಂದ ಓದಿಸಲಿಲ್ಲ.

"ಇನ್ನ ಮ್ಯಾಲೆ ಒಬ್ಬರ ಕಣ್ಣ ನಂಬೂದಿಲ್ಲ ನಾ," ಎಂದಳು. "ನೀವಿನ್ನ ಹೋಗ್ರಿ. ಬ್ಯಾರೆಯವರನ್ನ ಕಳಸ್ರಿ."

ಬಂದೆವು. ಗಂಗವ್ವನ ಮನೆಗೆ ಈಗ ನಮ್ಮ ಸಂಸ್ಥೆಯ ಇನ್ನೊಬ್ಬರು ಹೋಗುತ್ತಾರೆ. ಆಕೆ ತಾನೇ ಚುಚ್ಚಿಕೊಳ್ಳುತ್ತಾಳೆ, ಮೊಮ್ಮಗುವನ್ನು ಆಡಿಸಲು ಸಂಗೊಳ್ಳಿಗೆ ಹೋಗಿ ಹದಿನೈದು ದಿನ ಇದ್ದು ಬಂದಳು ಎಂದು ಅವರಿಂದಲೇ ಕೇಳಿದೆ.

ನನ್ನ ಸಕ್ಕರೆ ಈಗ ಒಂದು ಹದಕ್ಕೆ ಬಂದಿದೆ, ಕೆಲವು ದಿನ ತಪ್ಪುತ್ತದೆ. ಕಣ್ಣು ಬಹುಮಟ್ಟಿಗೆ ತಿಳಿಯಾಗಿವೆ. ಅತ್ತೆ ವಿಷಯ ಕೇಳಿ, "ನನಗೂ ಐತೇನ ನೋಡವಾ," ಎಂದು ಬೆರಳು ಕೊಟ್ಟರು. ನಾಲ್ಕು ತಿಂಗಳ ಮೇಲೆ ಸಂಸ್ಥೆಯವರು ನನ್ನನ್ನು ಮತ್ತೆ ತರಬೇತಿಗೆ ಕಳಿಸಿದರು. ಒಂದು ಷರತ್ತು ಅವರು ಹಾಕಿದರು, ನಾನು ಒಬ್ಬಳೇ ಹೋಗುವಂತಿಲ್ಲ. ಇನ್ನೊಂದನ್ನು ನಾನೇ ಹಾಕಿಕೊಂಡೆ. ಎಲ್ಲಿಗೆ ಹೋದರೂ ಮೊದಲು ನನ್ನ ಬೆರಳು ಚುಚ್ಚಿ, ಬಂದ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಗಂಗವ್ವನ ಹೆಸರು ಹೇಳದೆ ಈ ಕಥೆ ಹೇಳುತ್ತೇನೆ. ಔಷಧಿಯ ಹೆಸರನ್ನು ಇಬ್ಬರಿಂದ ಓದಿಸಿ, ಗುರುತು ನಿಮ್ಮ ಕೈಯಿಂದಲೇ ಹಾಕಿ, ಓದುವವಳು ನಾನೇ ಆದರೂ ನನ್ನೊಬ್ಬಳನ್ನೇ ನಂಬಬೇಡಿ ಎನ್ನುತ್ತೇನೆ. ಇಲ್ಲಿ ಹೆಸರಿನೊಂದಿಗೆ ಬರೆಯುವ ಮುಂಚೆ ಹೂಲಿಗೆ ಈಗ ಹೋಗುವ ಕಾರ್ಯಕರ್ತೆಯ ಮೂಲಕ ಗಂಗವ್ವನ ಅನುಮತಿ ಕೇಳಿಸಿದೆ. "ಬರೀಲಿ. ಖರೇ ಬರೀಲಿ," ಎಂದಳಂತೆ.

ಹೋದ ತಿಂಗಳು ರಾಮದುರ್ಗದಲ್ಲಿ ಕಥೆ ಮುಗಿಸಿದಾಗ, ಗಾಲಿಕುರ್ಚಿಯಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಕೈ ಎತ್ತಿದಳು.

"ಅಕ್ಕಾರ, ಆ ಆಯಿ ನಿಮಗ ಮಾಫಿ ಮಾಡ್ಯಾಳೇನ್ರಿ?"

ನಾನು ಕೈಯಲ್ಲಿದ್ದ ಮಷಿನ್ನನ್ನು ಮೇಜಿನ ಮೇಲಿಟ್ಟೆ.

"ಇನ್ನೂ ಕೇಳಿಲ್ರಿ," ಎಂದೆ. "ಕೇಳಾಕ ಮಾರಿ ಇಲ್ಲ."

ಆ ಹೆಂಗಸು ತಲೆಯಾಡಿಸಿ, ತನ್ನ ಸೆರಗಿಗೆ ಬೆರಳು ಒರೆಸಿಕೊಂಡು, ತಾನೇ ಚುಚ್ಚಿಕೊಳ್ಳಲು ಸೂಜಿಗಾಗಿ ಕೈ ಚಾಚಿದಳು.